ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರಗಳನ್ನು ರೋಗಿಗಳಿಗಿಂತ ಹೆಚ್ಚಾಗಿ, ಸದ್ಯಕ್ಕೆ ತಮಗೇನೂ ಆಗಿಲ್ಲ ಎಂದುಕೊಂಡಿರುವವರಿಗಾಗಿ ಬರೆಯಲಾಗಿದೆ. ಏಕೆಂದರೆ ಈ ಕ್ಯಾನ್ಸರನ್ನು ತಡೆಯಲು ಸಿಗುವ ಕಾಲವೆಲ್ಲ ಕಳೆದುಹೋಗುವುದು ಆರೋಗ್ಯವಾಗಿದ್ದೇವೆ ಎಂದು ತೋರುವ ಆ ವರ್ಷಗಳಲ್ಲಿಯೇ. ಮಲವಿಸರ್ಜನೆಯ ವಿಷಯವನ್ನು ಮನೆಯವರೆದುರು ಎತ್ತುವುದಕ್ಕೂ ಹಿಂಜರಿಯುವುದು ಸಹಜ. ಇಲ್ಲಿ ಮಾತ್ರ ಆ ಸಂಕೋಚವನ್ನು ಬದಿಗಿಟ್ಟು, ಇರುವುದನ್ನು ಇರುವ ಹೆಸರಿನಿಂದಲೇ ಹೇಳಲಾಗಿದೆ.

ಈ ಕ್ಯಾನ್ಸರ್ ದೇಹದ ಯಾವ ಭಾಗದಲ್ಲಿ, ಹೇಗೆ ಹುಟ್ಟುತ್ತದೆ?

ಸಣ್ಣ ಕರುಳಿನಿಂದ ಬಂದ ಆಹಾರದ ಶೇಷದಲ್ಲಿನ ನೀರನ್ನೂ ಲವಣಗಳನ್ನೂ ಹೀರಿಕೊಂಡು, ಉಳಿದುದನ್ನು ಮಲವಾಗಿ ಗಟ್ಟಿಗೊಳಿಸಿ ಮುಂದಕ್ಕೆ ತಳ್ಳುವ, ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯೇ ದೊಡ್ಡ ಕರುಳು. ಅದರ ಕೊನೆಯ 12ರಿಂದ 15 ಸೆಂಟಿಮೀಟರಿನಷ್ಟು ಭಾಗಕ್ಕೆ ಗುದನಾಳ ಎನ್ನುತ್ತಾರೆ. ಈ ಕೊಳವೆಯ ಒಳಪದರದ ಜೀವಕೋಶಗಳ ಆಯುಸ್ಸು ಕೆಲವೇ ದಿನಗಳದ್ದು; ಹಳೆಯವು ಉದುರಿದಂತೆ ಹೊಸವು ಹುಟ್ಟುತ್ತಲೇ ಇರುತ್ತವೆ. ಹೀಗೆ ಎಡೆಬಿಡದೆ ವಿಭಜನೆಯಾಗುವಾಗ ವಂಶವಾಹಿಗಳಲ್ಲಿ ತಪ್ಪುಗಳು ನುಸುಳಿ, ಒಂದರ ಮೇಲೊಂದು ಕೂಡಿಕೊಂಡಾಗ, ಕೆಲವು ಕೋಶಗಳು ಅಂಕೆ ತಪ್ಪಿ ಬೆಳೆಯತೊಡಗುತ್ತವೆ. ಇಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಬಹುಪಾಲು ಈ ಒಳಪದರದಿಂದ ಬರುವ ಅಡಿನೋಕಾರ್ಸಿನೋಮ ಎಂಬ ಬಗೆಯವು.

ಇದು ಅಪರೂಪದ ಕಾಯಿಲೆಯಲ್ಲವೇ?

ಅಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು, 9 ಲಕ್ಷಕ್ಕೂ ಹೆಚ್ಚು ಜನ ಇದರಿಂದ ತೀರಿಕೊಂಡರು. ಹೊಸ ರೋಗಿಗಳ ಸಂಖ್ಯೆಯಲ್ಲಿ ಎಲ್ಲ ಕ್ಯಾನ್ಸರುಗಳ ನಡುವೆ ಇದಕ್ಕೆ ಮೂರನೆಯ ಸ್ಥಾನ, ಸಾವಿನ ಸಂಖ್ಯೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂತರ ಎರಡನೆಯ ಸ್ಥಾನ. ಗಂಡಸರಲ್ಲಿ ತುಸು ಹೆಚ್ಚು ಎನ್ನುವುದು ನಿಜವಾದರೂ, ಇದನ್ನು ಗಂಡಸರ ಕಾಯಿಲೆ ಎಂದು ಭಾವಿಸಿ ಹೆಂಗಸರು ನಿಶ್ಚಿಂತೆಯಿಂದಿರಲು ಆಧಾರವಿಲ್ಲ.

ಪಾಲಿಪ್ ಎಂದರೇನು? ನನ್ನ ವರದಿಯಲ್ಲಿ ಆ ಪದವಿದೆ, ಗಾಬರಿಯಾಗಿದೆ.

ಕರುಳಿನ ಒಳಗೋಡೆಯ ಮೇಲೆ ಮೂಡುವ ಸಣ್ಣ ಮಾಂಸದ ಬೆಳವಣಿಗೆಯೇ ಪಾಲಿಪ್. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ. ಚಪ್ಪಟೆಯಾದವನ್ನು ಪತ್ತೆಹಚ್ಚುವುದು ಪಳಗಿದ ಕಣ್ಣಿಗೂ ಕಷ್ಟ. ಎಲ್ಲ ಪಾಲಿಪ್‌ಗಳೂ ಅಪಾಯಕಾರಿಯಲ್ಲ. ಗುದನಾಳದಲ್ಲಿ ಕಾಣಸಿಗುವ ಸಣ್ಣ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳು ಸಾಮಾನ್ಯವಾಗಿ ನಿರುಪದ್ರವಿ. ಕ್ಯಾನ್ಸರ್ ಆಗಿ ಮಾರ್ಪಡಬಲ್ಲವು ಮುಖ್ಯವಾಗಿ ಅಡಿನೋಮ ಎಂಬವು, ಜೊತೆಗೆ ಸೆರೇಟೆಡ್ ಎಂಬ ಹೆಸರಿನ ಇನ್ನೊಂದು ಬಗೆಯವು. ಅಡಿನೋಮಗಳಲ್ಲಿಯೂ ಹೆಚ್ಚಿನವು ಎಂದಿಗೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಹೇಳುವ ಉಪಾಯವಿಲ್ಲದ ಕಾರಣ, ಕಂಡದ್ದನ್ನು ತೆಗೆದುಬಿಡುವುದೇ ವಾಡಿಕೆ.

ಈ ಕಾಯಿಲೆಯ ವಿಷಯದಲ್ಲಿ ನಮಗಿರುವ ಅತಿ ದೊಡ್ಡ ಅನುಕೂಲ ಅಡಗಿರುವುದೂ ಇಲ್ಲಿಯೇ. ಸಣ್ಣ ಅಡಿನೋಮವೊಂದು ಬೆಳೆದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅನೇಕ ಗಡ್ಡೆಗಳಲ್ಲಿ ಮೊದಲು ಎಪಿಸಿ ಎಂಬ ವಂಶವಾಹಿ ಕೆಡುತ್ತದೆ, ಅನಂತರ ಕೆರಾಸ್, ತೀರ ತಡವಾಗಿ ಪಿ53. ಹೀಗೆ ಹಂತಹಂತವಾಗಿ ಹಾನಿ ಸೇರುತ್ತಾ ಹೋಗುವುದರಿಂದಲೇ ಇಷ್ಟು ದೀರ್ಘ ಕಾಲ. ಹೆಚ್ಚಿನ ಕ್ಯಾನ್ಸರುಗಳಲ್ಲಿ ನಾವು ಬೇಗ ಪತ್ತೆಹಚ್ಚುವ ಮಾತನ್ನಾಡುತ್ತೇವೆ. ಇಲ್ಲಿ ಕ್ಯಾನ್ಸರ್ ಆಗುವ ಮೊದಲೇ ಅದರ ಮೂಲವನ್ನು ಕಿತ್ತುಹಾಕುವ ಮಾತನ್ನಾಡಬಹುದು. ನಿಮ್ಮ ವರದಿಯಲ್ಲಿ ಪಾಲಿಪ್ ಎಂದಿದ್ದು, ಅದನ್ನು ಪೂರ್ತಿಯಾಗಿ ತೆಗೆಯಲಾಗಿದೆ ಎಂದೂ ಇದ್ದರೆ, ಗಾಬರಿಗಿಂತ ಸಮಾಧಾನಕ್ಕೇ ಹೆಚ್ಚು ಕಾರಣವಿದೆ. ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನು ಮಾತ್ರ ಮರೆಯದೆ ಕೇಳಿ ಬರೆದಿಟ್ಟುಕೊಳ್ಳಿ. ಪಾಲಿಪ್‌ಗಳ ಸಂಖ್ಯೆ, ಗಾತ್ರ ಮತ್ತು ಬಗೆಯನ್ನು ನೋಡಿ ಅದನ್ನು ನಿರ್ಧರಿಸುತ್ತಾರೆ. ಹತ್ತು ಮಿಲಿಮೀಟರಿಗಿಂತ ದೊಡ್ಡದಿದ್ದರೆ ಅವಧಿ ಕಡಿಮೆಯಾಗುತ್ತದೆ.

ಮಲದ ಜೊತೆ ರಕ್ತ ಹೋಗುತ್ತದೆ. ಅದು ಮೂಲವ್ಯಾಧಿಯೇ ಅಲ್ಲವೇ?

ಬಹಳಷ್ಟು ಸಲ ಹೌದು, ಮೂಲವ್ಯಾಧಿ ಅಥವಾ ಗುದದ್ವಾರದ ಬಿರುಕೇ ಕಾರಣವಾಗಿರುತ್ತದೆ. ಆದರೆ ಈ ‘ಬಹಳಷ್ಟು ಸಲ’ ಎಂಬುದನ್ನು ‘ಯಾವಾಗಲೂ’ ಎಂದು ಓದಿಕೊಳ್ಳುವುದರಿಂದಲೇ ಅನೇಕರಲ್ಲಿ ರೋಗ ತಡವಾಗಿ ತಿಳಿಯುತ್ತದೆ. ರಕ್ತ ಕಂಡವರು ತಾವೇ ಮೂಲವ್ಯಾಧಿ ಎಂದು ತೀರ್ಮಾನಿಸಿ, ಅಂಗಡಿಯಿಂದ ಮುಲಾಮು ತಂದು ಹಚ್ಚಿಕೊಂಡು, ಎರಡು ವಾರ ನಿಂತರೆ ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಗಡ್ಡೆಯಿಂದ ಒಸರುವ ರಕ್ತವೂ ನಡುನಡುವೆ ನಿಲ್ಲುತ್ತದೆ. ಆದ್ದರಿಂದ ರಕ್ತ ನಿಂತಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಸ್ಥೂಲವಾಗಿ ಹೇಳುವುದಾದರೆ, ಮೂಲವ್ಯಾಧಿಯ ರಕ್ತ ತಾಜಾ ಕೆಂಪಾಗಿದ್ದು ಮಲವಿಸರ್ಜನೆ ಮುಗಿಯುವಾಗ ತೊಟ್ಟಿಕ್ಕುತ್ತದೆ, ಮಲದೊಳಗೆ ಬೆರೆತಿರುವುದಿಲ್ಲ. ಮಲದಲ್ಲಿ ಬೆರೆತ ರಕ್ತ, ಕಪ್ಪಡರಿದ ರಕ್ತ, ಲೋಳೆಯೊಂದಿಗೆ ಬರುವ ರಕ್ತ ಇವು ಹೆಚ್ಚಿನ ಶಂಕೆಗೆ ಕಾರಣ. ಆದರೆ ಗುದನಾಳದ ಕೆಳಭಾಗದ ಗಡ್ಡೆಯೂ ತಾಜಾ ಕೆಂಪು ರಕ್ತವನ್ನೇ ಹೊರಹಾಕುವುದರಿಂದ, ಬಣ್ಣವನ್ನು ನೋಡಿ ಮನೆಯಲ್ಲಿಯೇ ತೀರ್ಪು ಕೊಡುವುದು ಸರಿಯಲ್ಲ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಒಬ್ಬ ವ್ಯಕ್ತಿಗೆ ಮೂಲವ್ಯಾಧಿ ಇದೆ ಎಂದು ಖಚಿತವಾದ ಮಾತ್ರಕ್ಕೆ ಅವರಿಗೆ ಗಡ್ಡೆ ಇಲ್ಲ ಎಂದಾಗುವುದಿಲ್ಲ; ಎರಡೂ ಒಟ್ಟಿಗೆ ಇರಬಹುದು. ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಗುದನಾಳವನ್ನು ಮುಟ್ಟಿ ನೋಡುವ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಕೆಳಭಾಗದ ಎಷ್ಟೋ ಗಡ್ಡೆಗಳು ಆ ಬೆರಳಿಗೇ ಸಿಗುತ್ತವೆ. ಅದನ್ನು ಮಾಡದೆ ಮೂಲವ್ಯಾಧಿಯ ಚೀಟಿ ಬರೆದುಕೊಟ್ಟರೆ, ಮಾಡಿ ನೋಡಿ ಎಂದು ಕೇಳುವ ಹಕ್ಕು ರೋಗಿಗೆ ಇದೆ ಎಂಬುದು ನನ್ನ ಅಭಿಪ್ರಾಯ.

ರಕ್ತ ಬಿಟ್ಟು ಬೇರೆ ಯಾವ ಲಕ್ಷಣಗಳನ್ನು ಗಮನಿಸಬೇಕು?

ಗಡ್ಡೆ ಎಲ್ಲಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ಎಡಭಾಗದಲ್ಲಿ ಕರುಳು ಕಿರಿದಾಗಿದ್ದು ಮಲ ಗಟ್ಟಿಯಾಗಿರುತ್ತದೆ. ಆದ್ದರಿಂದ ಅಲ್ಲಿಯ ಗಡ್ಡೆ ದಾರಿಗೆ ಅಡ್ಡವಾಗಿ, ಹೊಸದಾಗಿ ಮಲಬದ್ಧತೆ ಶುರುವಾಗುವುದು, ಮಲಬದ್ಧತೆ ಮತ್ತು ಭೇದಿ ಒಂದರ ಹಿಂದೆ ಒಂದು ಬರುವುದು, ಮಲ ಎಂದಿಗಿಂತ ಸಣ್ಣಗಾಗುವುದು, ಹೊಟ್ಟೆ ಹಿಂಡಿದಂತಾಗುವುದು ಮುಂತಾದ ತೊಂದರೆಗಳು ತೋರುತ್ತವೆ. ಗುದನಾಳದಲ್ಲಿದ್ದರೆ, ಹೋಗಿ ಬಂದ ಮೇಲೂ ಇನ್ನೂ ಹೋಗಬೇಕು ಎನ್ನಿಸುವ ಅತೃಪ್ತಿ ಬಿಡದೆ ಕಾಡುತ್ತದೆ.

ಬಲಭಾಗದ ಗಡ್ಡೆ ಇವೆಲ್ಲಕ್ಕಿಂತ ಮೋಸದ್ದು. ಅಲ್ಲಿ ಕರುಳು ಅಗಲವಾಗಿ ಮಲ ನೀರಾಗಿರುವುದರಿಂದ ಅಡಚಣೆಯೂ ಆಗದು, ರಕ್ತವೂ ಕಣ್ಣಿಗೆ ಬೀಳದು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಸೋರಿ, ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಬಿಳಿಚಿದ ಮುಖ ಎಂದು ರಕ್ತಹೀನತೆಯ ರೂಪದಲ್ಲಿ ಹೊರಬೀಳುತ್ತದೆ. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸುವುದು ಅರ್ಧ ಚಿಕಿತ್ಸೆ; ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಲೇಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆಯಲ್ಲಿ ಗಂಟು ಕೈಗೆ ಸಿಗುವುದು ಸಾಮಾನ್ಯವಾಗಿ ಕಾಯಿಲೆ ಬಲಿತ ಮೇಲಿನ ಲಕ್ಷಣಗಳು.

ನನಗೆ ಯಾವ ತೊಂದರೆಯೂ ಇಲ್ಲ. ಹಾಗಿದ್ದಮೇಲೆ ತಪಾಸಣೆ ಏಕೆ?

ತೊಂದರೆ ಇಲ್ಲದವರಿಗಾಗಿಯೇ ತಪಾಸಣೆ ಇರುವುದು. ಪಾಲಿಪ್‌ಗಳು ನೋಯುವುದಿಲ್ಲ, ಆರಂಭದ ಕ್ಯಾನ್ಸರೂ ಸಾಮಾನ್ಯವಾಗಿ ನೋಯುವುದಿಲ್ಲ. ಲಕ್ಷಣ ಕಂಡ ಮೇಲೆ ಮಾಡುವುದು ರೋಗನಿರ್ಣಯದ ಪರೀಕ್ಷೆ. ಅದನ್ನು ಯಾವ ವಯಸ್ಸಿನಲ್ಲಾದರೂ, ಕೂಡಲೇ ಮಾಡಿಸಬೇಕು. ಈ ವ್ಯತ್ಯಾಸ ತಿಳಿಯದೆ, ರಕ್ತ ಹೋಗುತ್ತಿರುವ ಮೂವತ್ತೈದರ ವ್ಯಕ್ತಿ ‘ತಪಾಸಣೆಯ ವಯಸ್ಸು ಇನ್ನೂ ಬಂದಿಲ್ಲ’ ಎಂದು ಕಾಯುವುದುಂಟು. ಆ ವಯಸ್ಸಿನ ಮಿತಿ ಲಕ್ಷಣವೇ ಇಲ್ಲದವರಿಗೆ ಹಾಕಿದ್ದು.

ತಪಾಸಣೆಯಿಂದ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಮಿನೆಸೋಟದಲ್ಲಿ ನಡೆದು 1993ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿವರ್ಷ ಮಲದಲ್ಲಿನ ಅಗೋಚರ ರಕ್ತದ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಶೇಕಡಾ 33ರಷ್ಟು ಇಳಿದಿತ್ತು.

ಯಾವ ವಯಸ್ಸಿನಿಂದ ಆರಂಭಿಸಬೇಕು?

ವಯಸ್ಸಿನ ಮಿತಿ ದೇಶದಿಂದ ದೇಶಕ್ಕೆ ಬೇರೆ. ಬಹುಕಾಲ 50 ಎಂಬುದೇ ಹೆಚ್ಚು ಬಳಕೆಯಲ್ಲಿತ್ತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ, ಆ ದೇಶದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರಲ್ಲಿ ಅದನ್ನು 45ಕ್ಕೆ ಇಳಿಸಿದವು. ಇಂಗ್ಲೆಂಡಿನಲ್ಲಿ 50 ತುಂಬಿದವರಿಗೆ ಎರಡು ವರ್ಷಕ್ಕೊಮ್ಮೆ ಮಲಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. 75 ದಾಟಿದ ಮೇಲೆ ಎಲ್ಲರಿಗೂ ಅನ್ವಯಿಸುವ ಸಲಹೆಯಿಲ್ಲ. ಒಟ್ಟಾರೆ ಆರೋಗ್ಯ ಮತ್ತು ಹಿಂದಿನ ಪರೀಕ್ಷೆಗಳನ್ನು ನೋಡಿ ನಿರ್ಧರಿಸುತ್ತಾರೆ. ಇವೆಲ್ಲ ಸಾಮಾನ್ಯ ಅಪಾಯವಿರುವವರ ಲೆಕ್ಕ; ಕುಟುಂಬದಲ್ಲಿ ಕಾಯಿಲೆ ಇದ್ದವರ ವಿಷಯ ಮುಂದೆ ಬರುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಮಲಪರೀಕ್ಷೆ ಹೇಗಿರುತ್ತದೆ?

ಈಗ ಹೆಚ್ಚಾಗಿ ಬಳಸುವುದು ಫಿಟ್ ಎಂಬ ಪರೀಕ್ಷೆ. ಮಲದಲ್ಲಿ ಕಣ್ಣಿಗೆ ಕಾಣದಷ್ಟು ಕಡಿಮೆ ಪ್ರಮಾಣದ ಮನುಷ್ಯ ರಕ್ತದ ಹಿಮೋಗ್ಲೋಬಿನ್ ಇದ್ದರೂ ಅದನ್ನು ಪ್ರತಿಕಾಯಗಳ ನೆರವಿನಿಂದ ಗುರುತಿಸುತ್ತದೆ. ಹಿಂದಿನ ಗ್ವಾಯಾಕ್ ಪರೀಕ್ಷೆಗೆ ಮಾಂಸದಲ್ಲಿನ ರಕ್ತಕ್ಕೂ ನಮ್ಮ ರಕ್ತಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲವಾದ್ದರಿಂದ ಮೊದಲೇ ಪಥ್ಯ ಮಾಡಬೇಕಾಗಿತ್ತು. ಫಿಟ್‌ಗೆ ಅದು ಬೇಡ.

ಕಿಟ್‌ನಲ್ಲಿರುವುದು ಹೆಬ್ಬೆರಳಿನಷ್ಟು ಉದ್ದದ ಒಂದು ಚಿಕ್ಕ ಬಾಟಲಿ. ಅದರ ಮುಚ್ಚಳಕ್ಕೆ ಅಂಟಿಕೊಂಡಂತೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳು, ಬಾಟಲಿಯ ಒಳಗೆ ದ್ರವ. ಮಲ ಶೌಚದ ನೀರಿಗೆ ಬೀಳದಂತೆ ಕಾಗದದ ಮೇಲೆ ಅಥವಾ ಶುಭ್ರವಾದ ಡಬ್ಬಿಯಲ್ಲಿ ಹಿಡಿದು, ಕಡ್ಡಿಯ ತುದಿಯನ್ನು ಮಲದ ಮೇಲ್ಮೈಯ ನಾಲ್ಕಾರು ಕಡೆ ಎಳೆದಾಗ ಗೀರುಗಳು ತುಂಬಿಕೊಳ್ಳುತ್ತವೆ. ಅಷ್ಟೇ ಸಾಕು. ಹೆಚ್ಚು ತುಂಬಿದರೆ ಪರೀಕ್ಷೆ ನಿಖರವಾಗುತ್ತದೆ ಎಂದು ಬಾಟಲಿಯ ತುಂಬ ಹಾಕುವವರಿದ್ದಾರೆ. ಅದರಿಂದ ಮಾದರಿ ಕೆಡುತ್ತದೆ. ಕಡ್ಡಿಯನ್ನು ಮತ್ತೆ ಒಳಗೆ ಹಾಕಿ ಕಟಕ್ಕೆಂದು ಮುಚ್ಚಿ, ದಿನಾಂಕ ಬರೆದು, ತಡಮಾಡದೆ ಒಪ್ಪಿಸಬೇಕು, ಏಕೆಂದರೆ ಬಿಸಿಯಲ್ಲಿ ದಿನಗಟ್ಟಲೆ ಉಳಿದರೆ ಹಿಮೋಗ್ಲೋಬಿನ್ ಒಡೆದುಹೋಗಿ, ಇದ್ದ ರಕ್ತವೂ ಇಲ್ಲವೆಂದೇ ಬರಬಹುದು. ಮುಟ್ಟಿನ ದಿನಗಳಲ್ಲಿ ಅಥವಾ ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವಾಗ ಮಾದರಿ ತೆಗೆಯಬಾರದು.

ಒಂದು ಸಲದ ಫಿಟ್ ಸುಮಾರು ನಾಲ್ಕರಲ್ಲಿ ಮೂರು ಕ್ಯಾನ್ಸರುಗಳನ್ನು ಹಿಡಿಯುತ್ತದೆ. ರಕ್ತ ಸೋರದ ಪಾಲಿಪ್‌ಗಳನ್ನು ಹಿಡಿಯುವುದರಲ್ಲಿ ಅದು ತೀರ ದುರ್ಬಲ. ಅದಕ್ಕಾಗಿಯೇ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬಿಡದೆ ಮಾಡಿಸಬೇಕು. ಒಂದು ಸಲ ಮಾಡಿಸಿ ‘ಇಲ್ಲ’ ಎಂದು ಬಂದ ಕಾಗದವನ್ನು ಹತ್ತು ವರ್ಷ ನಂಬಿಕೊಂಡು ಕೂರುವುದು ಸಲ್ಲದು.

ಫಿಟ್ ಪಾಸಿಟಿವ್ ಬಂದಿದೆ. ಇನ್ನೊಮ್ಮೆ ಅದನ್ನೇ ಮಾಡಿಸಿ ನೋಡಲೇ?

ಬೇಡ. ಎರಡನೆಯದು ನೆಗೆಟಿವ್ ಬಂದರೆ ಮೊದಲನೆಯದು ಸುಳ್ಳಾಗಿತ್ತು ಎಂದು ಅರ್ಥವಲ್ಲ, ಆ ದಿನ ರಕ್ತ ಸೋರಲಿಲ್ಲ ಎಂದಷ್ಟೇ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬ ಧೈರ್ಯವನ್ನು ಇಟ್ಟುಕೊಂಡೇ, ಮುಂದಿನ ಹೆಜ್ಜೆಯಾದ ಕೊಲೊನೋಸ್ಕೋಪಿಗೆ ಹೋಗಬೇಕು. ಇದನ್ನು ಹತ್ತು ತಿಂಗಳಿಗೂ ಮೀರಿ ಮುಂದೂಡಿದವರಲ್ಲಿ ಕ್ಯಾನ್ಸರ್, ಅದರಲ್ಲೂ ಬಲಿತ ಹಂತದ ಕ್ಯಾನ್ಸರ್ ಸಿಗುವ ಸಂಭವ ಹೆಚ್ಚು ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ. ಕೊಲೊನೋಸ್ಕೋಪಿಗೆ ಹೋಗುವ ಮನಸ್ಸೇ ಇಲ್ಲದವರಿಗೆ ಫಿಟ್ ಮಾಡಿಸಿಯೂ ಪ್ರಯೋಜನವಿಲ್ಲ.

ಕೊಲೊನೋಸ್ಕೋಪಿ ಎಂದರೆ ಭಯ. ನಿಜವಾಗಿ ಏನು ಮಾಡುತ್ತಾರೆ?

ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ, ಬೆರಳಿನ ದಪ್ಪದ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಕಳುಹಿಸಿ, ದೊಡ್ಡ ಕರುಳು ಸಣ್ಣ ಕರುಳನ್ನು ಸೇರುವ ತನಕ ಕೊಂಡೊಯ್ದು, ಹಿಂದಕ್ಕೆ ನಿಧಾನವಾಗಿ ಎಳೆಯುತ್ತಾ ಒಳಗೋಡೆಯನ್ನು ಪರೀಕ್ಷಿಸುತ್ತಾರೆ. ಹಿಂದಕ್ಕೆ ಎಳೆಯುವಾಗಿನ ಈ ನೋಟಕ್ಕೆ ಕನಿಷ್ಠ ಆರು ನಿಮಿಷವಾದರೂ ಕೊಡಬೇಕೆಂಬುದು ಒಪ್ಪಿತ ಅಳತೆ. ಆತುರದಲ್ಲಿ ಎಳೆದರೆ ಪಾಲಿಪ್‌ಗಳು ತಪ್ಪಿಹೋಗುತ್ತವೆ. ಪಾಲಿಪ್ ಕಂಡರೆ ಅದೇ ಕೊಳವೆಯ ಮೂಲಕ ತಂತಿಯ ಕುಣಿಕೆಯೊಂದನ್ನು ಇಳಿಸಿ, ಬುಡಕ್ಕೆ ಬಿಗಿದು ಕತ್ತರಿಸಿ ತೆಗೆಯುತ್ತಾರೆ. ಕರುಳಿನ ಒಳಪದರಕ್ಕೆ ಕತ್ತರಿಸುವ ನೋವು ತಿಳಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಈ ವಿಧಾನವನ್ನು ಆರಂಭಿಸುವ ತನಕ ಪಾಲಿಪ್ ತೆಗೆಯಲು ಹೊಟ್ಟೆಯನ್ನೇ ಕೊಯ್ಯಬೇಕಾಗುತ್ತಿತ್ತು. ಮಂಪರು ಬರುವ ಚುಚ್ಚುಮದ್ದು ಕೊಡುವುದರಿಂದ ಅನೇಕರಿಗೆ ಪರೀಕ್ಷೆಯ ನೆನಪೇ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಆ ದಿನ ವಾಹನ ಓಡಿಸಬಾರದು, ಜೊತೆಗೆ ಒಬ್ಬರಿರಬೇಕು.

ನಿಜವಾದ ಕಿರಿಕಿರಿ ಇರುವುದು ಪರೀಕ್ಷೆಯಲ್ಲಲ್ಲ, ಅದರ ಹಿಂದಿನ ರಾತ್ರಿಯ ಸಿದ್ಧತೆಯಲ್ಲಿ. ಹಿಂದಿನ ದಿನ ಗಟ್ಟಿ ಆಹಾರ ಬಿಟ್ಟು ತಿಳಿಯಾದ ದ್ರವಗಳನ್ನಷ್ಟೇ ಕುಡಿಯಬೇಕು, ಅದರಲ್ಲೂ ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದಂತೆ ಕಂಡು ಗೊಂದಲವಾಗುತ್ತದೆ. ಭೇದಿಯ ಔಷಧವನ್ನು ಒಮ್ಮೆಲೇ ಮುಗಿಸದೆ, ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ ಕೆಲವು ಗಂಟೆ ಮೊದಲು ಕುಡಿದರೆ ಕರುಳು ಚೆನ್ನಾಗಿ ತೊಳೆಯುತ್ತದೆ. ಪೇಯದ ರುಚಿ ಹಿತವಾಗಿರುವುದಿಲ್ಲ, ತಂಪು ಮಾಡಿ ಕುಡಿದರೆ ಸ್ವಲ್ಪ ಸಹ್ಯ. ಒಂದೆರಡು ಗಂಟೆಯಲ್ಲಿ ಶುರುವಾಗಿ, ಕೊನೆಕೊನೆಗೆ ಬರಿಯ ತಿಳಿ ಹಳದಿ ನೀರು ಹೋಗತೊಡಗಿದರೆ ಸಿದ್ಧತೆ ಸರಿಯಾಗಿದೆ ಎಂದರ್ಥ; ಇನ್ನೂ ಕಂದು ಬಣ್ಣ, ಚೂರುಗಳು ಕಾಣುತ್ತಿದ್ದರೆ ಪರೀಕ್ಷೆಗೆ ಮುನ್ನ ಸಿಬ್ಬಂದಿಗೆ ಹೇಳಬೇಕು. ಕಬ್ಬಿಣದ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಅಥವಾ ಮಧುಮೇಹದ ಔಷಧಗಳನ್ನು ತೆಗೆದುಕೊಳ್ಳುವವರು ತಾವಾಗಿ ಏನನ್ನೂ ನಿಲ್ಲಿಸದೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಅದರಲ್ಲಿ ಅಪಾಯವಿಲ್ಲವೇ?

ಇದೆ, ಆದರೆ ಕಡಿಮೆ. ಕರುಳಿಗೆ ತೂತು ಬೀಳುವ ಸಂಭವ ಹತ್ತು ಸಾವಿರ ತಪಾಸಣೆಗಳಲ್ಲಿ ಮೂರು ನಾಲ್ಕರಷ್ಟು, ಗಂಭೀರ ರಕ್ತಸ್ರಾವ ಅದೇ ಹತ್ತು ಸಾವಿರಕ್ಕೆ ಸುಮಾರು ಹದಿನೈದು. ವಯಸ್ಸಾದವರಲ್ಲಿ ಮತ್ತು ದೊಡ್ಡ ಪಾಲಿಪ್ ತೆಗೆದಾಗ ಈ ಪ್ರಮಾಣ ಏರುತ್ತದೆ. ಪರೀಕ್ಷೆಯ ನಂತರ ತೀವ್ರ ಹೊಟ್ಟೆನೋವು, ಜ್ವರ ಅಥವಾ ನಿಲ್ಲದ ರಕ್ತ ಕಂಡರೆ ಮರುದಿನಕ್ಕೆ ಕಾಯಬಾರದು.

ಕೊಲೊನೋಸ್ಕೋಪಿಯಿಂದ ಹೇಳಿಕೊಳ್ಳುವಷ್ಟು ಲಾಭವಿಲ್ಲ ಎಂದು ಎಲ್ಲೋ ಓದಿದೆ. ನಿಜವೇ?

ಬಹುಶಃ ನೀವು ಓದಿದ್ದು 2022ರಲ್ಲಿ ಪ್ರಕಟವಾದ ನಾರ್ಡಿಕ್ ಎಂಬ ಐರೋಪ್ಯ ಪ್ರಯೋಗದ ಸುದ್ದಿ. ಅದರಲ್ಲಿ ಕೊಲೊನೋಸ್ಕೋಪಿಗೆ ಆಹ್ವಾನಿಸಲ್ಪಟ್ಟ ಗುಂಪಿನಲ್ಲಿ ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರ್ ಶೇಕಡಾ 18ರಷ್ಟು ಮಾತ್ರ ಕಡಿಮೆಯಾಯಿತು, ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಆಹ್ವಾನ ಪಡೆದವರಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಶೇಕಡಾ 42 ಮಾತ್ರ ಎಂಬುದನ್ನು ತಲೆಬರಹಗಳು ನುಂಗಿಹಾಕಿದವು. ಪತ್ರ ಕಳುಹಿಸುವುದರಿಂದ ಆಗುವ ಲಾಭ ಬೇರೆ, ಪರೀಕ್ಷೆಯಿಂದಾಗುವ ಲಾಭ ಬೇರೆ. ಹಾಗೆಂದು ಕೊಲೊನೋಸ್ಕೋಪಿಯೊಂದೇ ಸರಿ ಎಂದು ವಾದಿಸುವುದೂ ನನಗೆ ಒಪ್ಪಿಗೆಯಲ್ಲ. ನಿಯಮಿತವಾಗಿ ಮಾಡಿಸುವ ಫಿಟ್, ಮಾಡಿಸದೇ ಉಳಿದ ಕೊಲೊನೋಸ್ಕೋಪಿಗಿಂತ ಎಷ್ಟೋ ಮೇಲು.

ರಕ್ತಪರೀಕ್ಷೆಯಿಂದಲೇ ತಿಳಿಯುವುದಿಲ್ಲವೇ? ಸಿಇಎ ಎಂಬುದಿದೆಯಲ್ಲ?

ಸಿಇಎ ಎಂಬುದು ಈ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್. ಅದು ಉಪಯುಕ್ತವಾಗುವುದು ಕ್ಯಾನ್ಸರ್ ಖಚಿತವಾದ ಮೇಲೆ, ಚಿಕಿತ್ಸೆಯ ನಂತರ ಕಾಯಿಲೆ ಮರುಕಳಿಸಿದೆಯೇ ಎಂದು ಗಮನಿಸಲು. ಆರಂಭದ ಹಂತದಲ್ಲಿ ಅನೇಕರಲ್ಲಿ ಸಿಇಎ ಏರುವುದೇ ಇಲ್ಲ, ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರಬಹುದು. ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸಿ ಕೊಡುವುದು ಕಾಣುತ್ತದೆ. ಅದರ ಮೇಲೆ ಭರವಸೆ ಇಡಬೇಡಿ.

ನನ್ನ ತಂದೆಗೆ ಈ ಕಾಯಿಲೆ ಇತ್ತು. ನನಗೂ ಬರುತ್ತದೆಯೇ?

ಬಂದೇ ಬರುತ್ತದೆ ಎಂದಲ್ಲ, ಆದರೆ ಸಂಭವ ಹೆಚ್ಚು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ 60ಕ್ಕಿಂತ ಮೊದಲು ಈ ಕ್ಯಾನ್ಸರ್ ಬಂದಿದ್ದರೆ, 40ನೆಯ ವಯಸ್ಸಿನಲ್ಲಿ ಅಥವಾ ಆ ಬಂಧುವಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಆರಂಭಿಸಿ ಐದು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ಸಾಮಾನ್ಯ ಸಲಹೆ. ತಂದೆಗೆ 44ರಲ್ಲಿ ಪತ್ತೆಯಾಗಿದ್ದರೆ ಮಗಳಿಗೆ 34ರಲ್ಲಿ.

ಇದಲ್ಲದೆ ನೇರವಾಗಿ ಆನುವಂಶಿಕವಾದ ಎರಡು ಸ್ಥಿತಿಗಳಿವೆ. ಎಫ್‌ಎಪಿ ಎಂಬುದರಲ್ಲಿ ಹದಿಹರೆಯದಿಂದಲೇ ಕರುಳಿನಲ್ಲಿ ನೂರಾರು, ಸಾವಿರಾರು ಪಾಲಿಪ್‌ಗಳು ಮೂಡಿ, ಕರುಳನ್ನು ತೆಗೆಯದಿದ್ದರೆ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ. ಇದಕ್ಕಿಂತ ಹೆಚ್ಚು ಜನರಲ್ಲಿರುವ, ಆದರೆ ಹೊರಗಿನಿಂದ ಸುಳಿವೇ ಕೊಡದ ಸ್ಥಿತಿ ಲಿಂಚ್ ಸಿಂಡ್ರೋಮ್. ಈ ಕ್ಯಾನ್ಸರುಗಳಲ್ಲಿ ಶೇಕಡಾ 3ರಷ್ಟಕ್ಕೆ ಅದು ಕಾರಣ. ಡಿಎನ್‌ಎಯ ತಪ್ಪುಗಳನ್ನು ತಿದ್ದುವ ವಂಶವಾಹಿಯೇ ಕೆಟ್ಟಿರುವುದರಿಂದ ಇಲ್ಲಿ ಹತ್ತು ವರ್ಷದ ದಾರಿ ಎರಡು ಮೂರು ವರ್ಷಕ್ಕೆ ಕುಗ್ಗಬಹುದು. ಹೀಗಾಗಿ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕಾಗುತ್ತದೆ. ಇಂಥ ಕುಟುಂಬಗಳಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರೂ ಹೆಚ್ಚು. ಆದ್ದರಿಂದ ಕುಟುಂಬದ ಚರಿತ್ರೆ ಹೇಳುವಾಗ ತಾಯಿಯ ಕಡೆಯ ಚಿಕ್ಕಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು ಎಂಬುದನ್ನೂ ಸೇರಿಸಿ ಹೇಳಿ.

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆಯಿಂದ ದೊಡ್ಡ ಕರುಳು ದೀರ್ಘಕಾಲ ಉರಿಯೂತಕ್ಕೆ ಒಳಗಾದವರದೂ ಬೇರೆಯೇ ಲೆಕ್ಕ. ಅವರಿಗೆ ಕಾಯಿಲೆ ಆರಂಭವಾದ ಸುಮಾರು ಎಂಟು ವರ್ಷಗಳ ನಂತರ ನಿಗಾ ಪರೀಕ್ಷೆಗಳು ಶುರುವಾಗುತ್ತವೆ.

ಚಿಕ್ಕ ವಯಸ್ಸಿನವರಲ್ಲಿ ಹೆಚ್ಚುತ್ತಿದೆಯಂತೆ. ಹೌದೇ?

ಹೌದು. ಹಲವು ದೇಶಗಳಲ್ಲಿ 50ರ ಕೆಳಗಿನವರಲ್ಲಿ ಇದು ಏರುತ್ತಿದೆ. ಅಮೆರಿಕದ ಅಂಕಿಅಂಶಗಳ ಪ್ರಕಾರ, 1950ರ ಸುಮಾರಿಗೆ ಹುಟ್ಟಿದವರಿಗೆ ಅದೇ ವಯಸ್ಸಿನಲ್ಲಿದ್ದ ಅಪಾಯಕ್ಕೆ ಹೋಲಿಸಿದರೆ, 1990ರ ಸುಮಾರಿಗೆ ಹುಟ್ಟಿದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎರಡು ಪಟ್ಟು, ಗುದನಾಳದ್ದು ನಾಲ್ಕು ಪಟ್ಟು. ಬೊಜ್ಜು, ಆಹಾರಕ್ರಮ, ಕರುಳಿನ ಸೂಕ್ಷ್ಮಜೀವಿಗಳು ಎಂದು ಶಂಕಿತ ಕಾರಣಗಳು ಹಲವು. ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವ ಸ್ಥಿತಿಗೆ ವಿಜ್ಞಾನ ಬಂದಿಲ್ಲ. ನಟ ಚಾಡ್ವಿಕ್ ಬೋಸ್ಮನ್ 2020ರಲ್ಲಿ 43ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಜಗತ್ತಿನ ಗಮನ ಇತ್ತ ತಿರುಗಿತ್ತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಯುವಕರಲ್ಲಿ ರೋಗ ಪತ್ತೆಗೆ ಮುನ್ನ ಕಂಡ ನಾಲ್ಕು ಎಚ್ಚರಿಕೆಗಳನ್ನು ಗುರುತಿಸಿತು: ಹೊಟ್ಟೆನೋವು, ಗುದದ್ವಾರದಿಂದ ರಕ್ತ, ಭೇದಿ, ಕಬ್ಬಿಣದ ಕೊರತೆಯ ರಕ್ತಹೀನತೆ. ‘ಈ ವಯಸ್ಸಿಗೆ ಅದೆಲ್ಲ ಬರುವುದಿಲ್ಲ’ ಎಂಬ ಮಾತು ಈಗ ವೈದ್ಯರ ಬಾಯಿಂದಲೂ ಬರಬಾರದು.

ಜಾಗೃತಿ ಮಾಸದಂಥ ಪ್ರಚಾರಗಳಿಂದ ಏನಾದರೂ ಆಗುತ್ತದೆಯೇ?

ಮಾರ್ಚ್ ತಿಂಗಳನ್ನು ಈ ಕ್ಯಾನ್ಸರಿನ ಜಾಗೃತಿಗೆ ಮೀಸಲಿಟ್ಟಿದ್ದಾರೆ. ಅದರ ಗುರುತು ಕಡುನೀಲಿ ರಿಬ್ಬನ್. ಬರಿಯ ರಿಬ್ಬನ್‌ನಿಂದ ಏನೂ ಆಗದು. ಆದರೆ ಅಮೆರಿಕದ ಟಿವಿ ನಿರೂಪಕಿ ಕೇಟೀ ಕೂರಿಕ್, ತಮ್ಮ ಪತಿ ಈ ಕಾಯಿಲೆಯಿಂದ 42ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, 2000ದ ಮಾರ್ಚಿನಲ್ಲಿ ತಮ್ಮ ಕೊಲೊನೋಸ್ಕೋಪಿಯನ್ನು ಟಿವಿಯಲ್ಲಿಯೇ ತೋರಿಸಿದರು. ಅದರ ನಂತರದ ತಿಂಗಳುಗಳಲ್ಲಿ ಆ ದೇಶದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವವರ ಸಂಖ್ಯೆ ಏರಿದ್ದನ್ನು ಸಂಶೋಧಕರು ಅಳೆದು ದಾಖಲಿಸಿದ್ದಾರೆ. ಮಾಡಿಸಿಕೊಂಡ ಒಬ್ಬರು ತಮ್ಮ ಬಳಗದಲ್ಲಿ ನಾಚದೆ ಹೇಳಿಕೊಂಡರೂ ಆ ಬಗೆಯ ಪರಿಣಾಮ ಚಿಕ್ಕ ಪ್ರಮಾಣದಲ್ಲಿ ಆಗುತ್ತದೆ.

ಆಹಾರದಲ್ಲಿ ಏನನ್ನು ಬದಲಿಸಬೇಕು?

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿತ ಮಾಂಸವನ್ನು, ಅಂದರೆ ಉಪ್ಪು, ಹೊಗೆ ಅಥವಾ ರಾಸಾಯನಿಕ ಬಳಸಿ ಕೆಡದಂತೆ ಮಾಡಿದ ಸಾಸೇಜ್, ಬೇಕನ್, ಹ್ಯಾಮ್ ಮೊದಲಾದವನ್ನು, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದನ, ಕುರಿ, ಹಂದಿಯಂಥ ಕೆಂಪು ಮಾಂಸವನ್ನು ‘ಬಹುಶಃ ಕಾರಕ’ ಎಂಬ ಗುಂಪಿನಲ್ಲಿಟ್ಟಿತು. ಮೊದಲ ಗುಂಪಿನಲ್ಲಿ ತಂಬಾಕೂ ಇದೆ ಎಂದು ಎರಡೂ ಸಮಾನ ಅಪಾಯಕಾರಿ ಎಂದುಕೊಳ್ಳಬಾರದು. ಆ ಗುಂಪು ಪುರಾವೆಯ ಗಟ್ಟಿತನವನ್ನು ಹೇಳುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸದಿಂದ ಅಪಾಯ ಶೇಕಡಾ 18ರಷ್ಟು ಏರುತ್ತದೆ ಎಂದರೆ, ನೂರು ಜನರಲ್ಲಿ ನಾಲ್ವರಿಗೆ ಬರುತ್ತಿದ್ದದ್ದು ಐವರಿಗೆ ಸಮೀಪವಾಗುತ್ತದೆ ಎಂದು ಲೆಕ್ಕ.

ನಾರಿನಂಶವಿರುವ ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣುಗಳ ಪರವಾಗಿ ಸಾಕಷ್ಟು ಪುರಾವೆಯಿದೆ: ದಿನಕ್ಕೆ 10 ಗ್ರಾಂ ನಾರು ಹೆಚ್ಚಾದಂತೆ ಅಪಾಯ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡಿದೆ. ಆದರೂ ಪಾಲಿಪ್ ತೆಗೆಸಿಕೊಂಡವರಿಗೆ ನಾಲ್ಕು ವರ್ಷ ಕೊಬ್ಬು ಕಡಿಮೆ, ನಾರು ಹೆಚ್ಚು ಇರುವ ಆಹಾರ ಕೊಟ್ಟ ಪ್ರಯೋಗವೊಂದರಲ್ಲಿ ಹೊಸ ಪಾಲಿಪ್‌ಗಳು ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಆಹಾರದ ಪ್ರಭಾವ ದಶಕಗಳಲ್ಲಿ ಕೂಡಿಬರುವಂಥದ್ದು. ಒಳ್ಳೆಯ ಆಹಾರ ತಿನ್ನುತ್ತೇನೆ, ಆದ್ದರಿಂದ ತಪಾಸಣೆ ಬೇಡ ಎಂಬ ವಾದ ನಿಲ್ಲುವುದಿಲ್ಲ. ಸಸ್ಯಾಹಾರಿಗಳಿಗೂ ಈ ಕ್ಯಾನ್ಸರ್ ಬರುತ್ತದೆ.

ಮದ್ಯ, ತಂಬಾಕು, ತೂಕ, ವ್ಯಾಯಾಮ?

ನಾಲ್ಕೂ ಸಂಬಂಧಪಟ್ಟವೇ. ಮದ್ಯ ಯಾವ ಬಗೆಯದಾದರೂ ಅಪಾಯ ಏರಿಸುತ್ತದೆ. ಧೂಮಪಾನ ಪಾಲಿಪ್‌ಗಳನ್ನೂ ಹೆಚ್ಚಿಸುತ್ತದೆ. ಸೊಂಟದ ಸುತ್ತ ಸೇರುವ ಬೊಜ್ಜು ಮತ್ತು ಎರಡನೆಯ ಬಗೆಯ ಮಧುಮೇಹವೂ ಪಟ್ಟಿಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮವನ್ನು ಬಿರುಸು ನಡಿಗೆಯಿಂದಲೇ ಪೂರೈಸಬಹುದು.

ಆಸ್ಪಿರಿನ್ ಅಥವಾ ಕರುಳು ಶುದ್ಧಿಯ ಪುಡಿಗಳಿಂದ ತಡೆಯಬಹುದೇ?

ಲಿಂಚ್ ಸಿಂಡ್ರೋಮ್ ಇರುವವರಲ್ಲಿ ದಿನವೂ ಆಸ್ಪಿರಿನ್ ಸೇವನೆಯಿಂದ ಈ ಕ್ಯಾನ್ಸರ್ ಕಡಿಮೆಯಾದದ್ದು ಪ್ರಯೋಗದಿಂದ ದೃಢಪಟ್ಟಿದೆ. ಉಳಿದವರಿಗೆ ಅದರ ಲಾಭ ಅನಿಶ್ಚಿತ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವಂತೂ ನಿಶ್ಚಿತ. ಆದ್ದರಿಂದ ತಾವಾಗಿ ಶುರುಮಾಡಬಾರದು. ಕರುಳು ಶುದ್ಧಿಯ ಪುಡಿ, ಎನಿಮಾಗಳು ಯಾವ ಪಾಲಿಪ್‌ನ್ನೂ ತೆಗೆಯುವುದಿಲ್ಲ.

ಪತ್ತೆಯಾದರೆ ಬದುಕುವ ಆಸೆ ಎಷ್ಟು?

ಅದು ಹಂತವನ್ನು ಅವಲಂಬಿಸುತ್ತದೆ. ಅಮೆರಿಕದ ಅಂಕಿಅಂಶದಂತೆ, ಕರುಳಿನ ಗೋಡೆಯನ್ನು ದಾಟದೆ ಇರುವಾಗಲೇ ಸಿಕ್ಕರೆ ಐದು ವರ್ಷ ಬದುಕುಳಿಯುವವರು ನೂರಕ್ಕೆ ಸುಮಾರು 90. ಲಿವರ್, ಶ್ವಾಸಕೋಶಗಳಂಥ ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು 15. ದೂರ ಹರಡಿದವರಲ್ಲಿಯೂ ಲಿವರಿನ ಗಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣವಾದವರಿದ್ದಾರೆ, ಆದ್ದರಿಂದ ಸರಾಸರಿಯನ್ನು ಒಬ್ಬ ವ್ಯಕ್ತಿಯ ಭವಿಷ್ಯವೆಂದು ಓದಬಾರದು.

ಚಿಕಿತ್ಸೆ ಎಂದರೆ ಜೀವನಪೂರ್ತಿ ಹೊಟ್ಟೆಗೆ ಚೀಲ ಕಟ್ಟಿಕೊಳ್ಳುವುದೇ?

ಹೆಚ್ಚಿನವರಿಗೆ ಹಾಗಾಗುವುದಿಲ್ಲ. ದೊಡ್ಡ ಕರುಳಿನ ಗಡ್ಡೆಯಲ್ಲಿ ಆ ಭಾಗವನ್ನೂ ಅದಕ್ಕೆ ಸೇರಿದ ದುಗ್ಧಗ್ರಂಥಿಗಳನ್ನೂ ತೆಗೆದು, ಎರಡು ತುದಿಗಳನ್ನು ಮತ್ತೆ ಜೋಡಿಸುತ್ತಾರೆ. ಹಂತವನ್ನು ಸರಿಯಾಗಿ ಅಳೆಯಲು ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು. ಗ್ರಂಥಿಗಳಿಗೆ ಹರಡಿದ್ದರೆ ಕೀಮೋಥೆರಪಿ ಸೇರುತ್ತದೆ. ಗುದನಾಳದ ಗಡ್ಡೆಗೆ ಅನೇಕ ಸಲ ಮೊದಲು ವಿಕಿರಣ ಮತ್ತು ಕೀಮೋಥೆರಪಿ ಕೊಟ್ಟು ಅದನ್ನು ಕುಗ್ಗಿಸುತ್ತಾರೆ. ಹೊಟ್ಟೆಯ ಮೇಲೆ ಮಾಡುವ ಸ್ಟೋಮಾ ಎಂಬ ದ್ವಾರ ಎಷ್ಟೋ ಸಲ ತಾತ್ಕಾಲಿಕ, ಜೋಡಣೆ ಮಾಗಿದ ಮೇಲೆ ಮುಚ್ಚುತ್ತಾರೆ. ಗುದದ್ವಾರದ ಸ್ನಾಯುವಿಗೇ ಗಡ್ಡೆ ತಗುಲಿದ್ದರೆ ಅದು ಶಾಶ್ವತವಾಗಬಹುದು. ಶಾಶ್ವತ ಸ್ಟೋಮಾ ಇರುವವರು ಕೆಲಸಕ್ಕೆ ಹೋಗುತ್ತಾರೆ, ಪ್ರಯಾಣ ಮಾಡುತ್ತಾರೆ, ಈಜುತ್ತಾರೆ. ಅದರ ಭಯದಿಂದ ಪರೀಕ್ಷೆಯನ್ನೇ ಮುಂದೂಡುವವರಿಗೆ ತಿಳಿಸಬೇಕಾದದ್ದು, ಬೇಗ ಸಿಕ್ಕಷ್ಟೂ ಅದರ ಅಗತ್ಯ ಕಡಿಮೆ. ಪಾಲಿಪ್‌ನ ಒಳಗೇ ಇರುವ ಕ್ಯಾನ್ಸರನ್ನು ಎಷ್ಟೋ ಸಲ ಕೊಲೊನೋಸ್ಕೋಪಿಯಿಂದಲೇ ಗುಣಪಡಿಸಬಹುದು.

ಡಿಎನ್‌ಎ ದುರಸ್ತಿ ಕೆಟ್ಟಿರುವ ಬಗೆಯ ಗಡ್ಡೆಗಳಿಗೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ತಿರುಗಿಸುವ ಇಮ್ಯುನೊಥೆರಪಿ ಅದ್ಭುತವಾಗಿ ಕೆಲಸಮಾಡುತ್ತಿದೆ. 2022ರಲ್ಲಿ ವರದಿಯಾದ ಗುದನಾಳದ ಕ್ಯಾನ್ಸರಿನ ಮೊದಲ 12 ರೋಗಿಗಳಲ್ಲಿ ಡೊಸ್ಟಾರ್ಲಿಮ್ಯಾಬ್ ಔಷಧ ಒಂದರಿಂದಲೇ ಎಲ್ಲರ ಗಡ್ಡೆಯೂ ಕಾಣದಾಯಿತು. ಆದರೆ ಇಂಥ ಗಡ್ಡೆ ಇರುವವರು ಕೆಲವರು ಮಾತ್ರ.

ಚಿಕಿತ್ಸೆ ಮುಗಿದ ಮೇಲೆ ನನ್ನ ಪಾಲಿನ ಕೆಲಸವೇನು?

ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲಿಯೇ ಆಗುವುದರಿಂದ, ಆ ಅವಧಿಯಲ್ಲಿ ಸಿಇಎ ಮತ್ತು ಸ್ಕ್ಯಾನ್‌ಗಳ ದಿನಾಂಕ ತಪ್ಪಿಸಬಾರದು. ಶಸ್ತ್ರಚಿಕಿತ್ಸೆಯ ಒಂದು ವರ್ಷದ ನಂತರ ಕೊಲೊನೋಸ್ಕೋಪಿ ಇರುತ್ತದೆ. 2025ರಲ್ಲಿ ಪ್ರಕಟವಾದ ಚಾಲೆಂಜ್ ಎಂಬ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿಸಲಾಯಿತು. ಎಂಟು ವರ್ಷಗಳ ನಂತರ ಬದುಕಿದ್ದವರು ಆ ಗುಂಪಿನಲ್ಲಿ ಶೇಕಡಾ 90, ಬರಿಯ ಮಾಹಿತಿ ಪುಸ್ತಿಕೆ ಪಡೆದ ಗುಂಪಿನಲ್ಲಿ ಶೇಕಡಾ 83. ಔಷಧವೊಂದು ಇಷ್ಟು ಫಲ ಕೊಟ್ಟಿದ್ದರೆ ಅದನ್ನು ಯಾರೂ ಬರೆಯದೆ ಬಿಡುತ್ತಿರಲಿಲ್ಲ. ಗಡ್ಡೆಯಲ್ಲಿ ಡಿಎನ್‌ಎ ದುರಸ್ತಿಯ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ ವರದಿಯ ಪ್ರತಿಯನ್ನು ಇಟ್ಟುಕೊಳ್ಳಿ, ಮತ್ತು ನಿಮಗೆ ಯಾವ ವಯಸ್ಸಿನಲ್ಲಿ ಪತ್ತೆಯಾಯಿತು ಎಂಬುದನ್ನು ಮಕ್ಕಳಿಗೂ ಒಡಹುಟ್ಟಿದವರಿಗೂ ತಿಳಿಸಿ. ಅವರ ಮೊದಲ ಪರೀಕ್ಷೆಯ ವರ್ಷ ಆ ಸಂಖ್ಯೆಯಿಂದಲೇ ನಿರ್ಧಾರವಾಗುತ್ತದೆ.